ಬಣ್ಣ ಹಚ್ಚಿದ ಏಣಿ

ನನ್ನ ಜಾಗಕ್ಕೆ ಹೊಸದಾಗಿ ಬಂದಿರುವ ಸವಿತಾ ಎಂಬ ಹುಡುಗಿ ಒಂದು ಭಾನುವಾರ ಸುರಪುರದ ನಮ್ಮ ಮನೆಗೆ ಬಂದಿದ್ದಳು. ಚಹಾ ಕುಡಿದು ಕಪ್ಪು ಕೆಳಗಿಟ್ಟು, "ಟೀಚರ್, ಮೂವತ್ತಮೂರು ವರ್ಷ ಹ್ಯಾಂಗ ಕಳದ್ರಿ ಈ ನೌಕರಿಯೊಳಗ?" ಎಂದು ಕೇಳಿದಳು. "ಅಂಜಿಕೊಂತ ಕಳದೀನವ್ವ" ಎಂದೆ. ಚಾಷ್ಟಿ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕಳು. ನಾನು ಚಾಷ್ಟಿ ಮಾಡಿರಲಿಲ್ಲ.

ಆಮೇಲೆ ಅವಳೂ ತನ್ನ ಅಂಜಿಕೆ ಹೇಳಿಕೊಂಡಳು. "ಏನ್ ಕೇಳಿದ್ರೂ ಹುಡುಗ್ರು ಫೋನಿಗಿ ಕೇಳ್ತಾವ್ರಿ. ಅದು ಪಟ್ಟನ ಹೇಳ್ತದ. ಇನ್ನ ನಾ ಯಾಕ ಬೇಕ್ರಿ ಅವಕ್ಕ?" ಎಂದಳು. ಈ ಅಂಜಿಕೆ ಫೋನು ತಂದದ್ದಲ್ಲ. ನನಗೆ ಅದು ಹಿಡಿದಾಗ ನಮ್ಮ ಊರಿನಲ್ಲಿ ಫೋನಿದ್ದದ್ದೇ ನಾಲ್ಕು ಮನೆಯಲ್ಲಿ. ಅದನ್ನು ಹಿಡಿಸಿದ್ದು ರಟ್ಟಿನ ಕಾರ್ಡುಗಳು. ಆ ಕಥೆಯನ್ನು ಅವಳಿಗೆ ಬಾಯಿಬಿಟ್ಟು ಹೇಳಲು ಧೈರ್ಯ ಸಾಲದೆ ಈಗ ಬರೆಯುತ್ತಿದ್ದೇನೆ. ಎಲ್ಲಿಂದ ಎಲ್ಲಿಗೆ ವರ್ಗ ಆಯಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಅದನ್ನು ಕೇಳಲು ಬಯಸುವವರು ನಮ್ಮ ಯಜಮಾನರ ಹತ್ತಿರ ಹೋಗಲಿ, ಅವರಿಗೆ ತಾರೀಖಿನ ಸಮೇತ ಬಾಯಿಪಾಠ ಇದೆ.

ನಾನು ನೌಕರಿಗೆ ಸೇರಿದ ಮೊದಲ ದಿನ ನಲವತ್ತು ಮಕ್ಕಳು ನನ್ನನ್ನೇ ನೋಡುತ್ತ ಕೂತಿದ್ದವು. ನನಗೆ ಅಂಜಿಕೆ ಹತ್ತಿತು. ಅದನ್ನು ಮುಚ್ಚಿಕೊಳ್ಳಲು ಮೇಜಿನ ಮೇಲಿದ್ದ ಬೆತ್ತ ಹಿಡಿದು ಒಂದು ಸಲ ಜೋರಾಗಿ ಬಡಿದೆ. ನಲವತ್ತೂ ಬಾಯಿ ಮುಚ್ಚಿಕೊಂಡವು. ನನಗೆ ಉಸಿರು ಬಂತು. ಅವು ಅಂಜಿದರೆ ನಾನು ಅಂಜಬೇಕಿಲ್ಲ ಎಂಬ ಪಾಠವನ್ನು ಅವತ್ತೇ ಕಲಿತೆ, ಮತ್ತು ಅದನ್ನು ಮರೆಯಲು ಇಪ್ಪತ್ತು ವರ್ಷ ಬೇಕಾಯಿತು.

ಆ ಶಾಲೆಯ ಹಿರಿಯ ಮಾಸ್ತರರೊಬ್ಬರು ತಪಾಸಣೆಯ ಹಿಂದಿನ ದಿನ ನನಗೆ ಒಂದು ಉಪಾಯ ಹೇಳಿಕೊಟ್ಟರು. "ಟೀಚರ್, ಸಾಹೇಬ್ರು ಬಂದಾಗ ನೀವು ಪ್ರಶ್ನಾ ಕೇಳಿದ್ರ ಎಲ್ಲಾ ಹುಡುಗ್ರೂ ಕೈ ಎತ್ತಬೇಕು. ಉತ್ತರ ಬರ್ತದಂದವ ಬಲಗೈ ಎತ್ತಲಿ. ಬರದವ ಎಡಗೈ ಎತ್ತಲಿ. ನೀವು ಬಲಗೈದವರನ್ನಽ ಎಬ್ಬಸ್ರಿ. ಸಾಹೇಬ್ರಿಗಿ ಎಲ್ಲಾ ಕೈನೂ ಒಂದಽ ಕಾಣ್ತಾವ." ಹಾಗೆಯೇ ಆಯಿತು. ನಲವತ್ತು ಕೈ ಒಮ್ಮೆಗೇ ಮೇಲೆದ್ದವು. ಸಾಹೇಬರು ತಲೆದೂಗಿ, ನಮ್ಮ ತಾಲ್ಲೂಕಿನಲ್ಲಿ ಇಂಥ ಚುರುಕು ವರ್ಗ ನೋಡಿಲ್ಲ ಎಂದು ಬರೆದುಹೋದರು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ನಾನು ಹಿಗ್ಗಿದೆ. ಬರುವುದಿಲ್ಲ ಎಂಬುದನ್ನು ಬಚ್ಚಿಡಬೇಕು ಎಂದು ನಲವತ್ತು ಮಕ್ಕಳಿಗೆ ಒಂದೇ ದಿನದಲ್ಲಿ ಕಲಿಸಿಬಿಟ್ಟಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಮುಂದೆ ಬಹಳ ವರ್ಷ ನಮ್ಮ ಪಾಠ ಒಂದೇ ತರ ನಡೆಯಿತು. ನಾನು ಹೇಳುವುದು, ಅವು ಕೂಗುವುದು. ಕೂಗಿನ ಸದ್ದು ರಸ್ತೆಗೆ ಕೇಳಿದರೆ ಶಾಲೆ ಚೆನ್ನಾಗಿ ನಡೆಯುತ್ತಿದೆ ಎಂದು ಊರವರ ಲೆಕ್ಕ. ನನಗೂ ಅದೇ ಸರಿ ಎನಿಸುತ್ತಿತ್ತು, ಯಾಕೆಂದರೆ ಎಲ್ಲರೂ ಕೂಗುವಾಗ ಯಾರಿಗೆ ಬರುತ್ತದೆ ಯಾರಿಗೆ ಬರುವುದಿಲ್ಲ ಎಂದು ನೋಡುವ ತಾಪತ್ರಯ ಇರಲಿಲ್ಲ.

ಅಷ್ಟರಲ್ಲಿ ನಲಿ-ಕಲಿ ಬಂತು. ಶಹಾಪುರದಲ್ಲಿ ತರಬೇತಿ ಇಟ್ಟಿದ್ದರು. ನನ್ನ ಮಗನ ವಯಸ್ಸಿನ ಒಬ್ಬ ತರಬೇತುದಾರ ನಮ್ಮನ್ನೆಲ್ಲ ನೆಲದ ಮೇಲೆ ಕೂಡಿಸಿ, "ಇನ್ನು ಮೇಲೆ ನೀವು ಮುಂದೆ ನಿಂತು ಹೇಳಬೇಡಿ. ಮಗು ತಾನೇ ಕಾರ್ಡು ತೆಗೆದುಕೊಂಡು ಕಲಿಯುತ್ತದೆ. ನೀವು ಜೊತೆಗಿರಿ, ಸಾಕು" ಎಂದ. ಪಕ್ಕದಲ್ಲಿ ಕೂತಿದ್ದ ಟೀಚರ್ ಒಬ್ಬರು ಕಿವಿಯಲ್ಲಿ, "ಹಾಂಗಾರ ನಮಗ ಪಗಾರ ಯಾತಕ್ಕ ಕೊಡ್ತಾರಂತ?" ಎಂದರು. ಇಬ್ಬರೂ ನಕ್ಕೆವು. ಆದರೆ ಮನೆಗೆ ಬರುವ ಬಸ್ಸಿನಲ್ಲಿ ನಾನು ನಗಲಿಲ್ಲ.

ಗೊತ್ತಿಲ್ಲದವರಿಗಾಗಿ ಆ ಪದ್ಧತಿ ಹೇಗಿತ್ತೆಂದು ಒಂದಿಷ್ಟು ಹೇಳುತ್ತೇನೆ. ಗೋಡೆಯ ಮೇಲೆ ಕಲಿಕಾ ಏಣಿ ಎಂಬ ಚಿತ್ರಪಟ. ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾರ್ಡು, ಕಾರ್ಡಿನ ಮೂಲೆಯಲ್ಲಿ ಗುರುತಿಗೆ ನವಿಲೋ ಆನೆಯೋ ಇರುತ್ತದೆ. ಮಕ್ಕಳು ಐದು ಗುಂಪಾಗಿ ಕೂಡುತ್ತಾರೆ, ಗುಂಪಿಗೆ ತಟ್ಟೆ ಎನ್ನುತ್ತಿದ್ದೆವು. ಮೊದಲ ತಟ್ಟೆಯ ಜೊತೆ ಟೀಚರ್ ಕೂಡಬೇಕು. ಕೊನೆಯ ಐದನೇ ತಟ್ಟೆಯವರು ಯಾರ ನೆರವೂ ಇಲ್ಲದೆ ತಾವೇ ಕಲಿಯುವವರು. ಒಂದು ಮೆಟ್ಟಿಲು ಕಲಿತ ಮಗುವಿನ ಹೆಸರಿನ ಮುಂದೆ ಇನ್ನೊಂದು ಚಾರ್ಟಿನಲ್ಲಿ ಒಂದು ಚೌಕದ ಮನೆಗೆ ಬಣ್ಣ ತುಂಬಬೇಕು. ನಮ್ಮ ಶಾಲೆಯಲ್ಲಿ ಹಸಿರು ಬಣ್ಣ.

ಐದನೇ ತಟ್ಟೆ ಕಂಡರೆ ನನಗೆ ಭಯ. ಅವು ಗುಸುಗುಸು ಮಾತಾಡುತ್ತವೆ, ತಪ್ಪು ಮಾಡುತ್ತವೆ, ನಾನು ಅಲ್ಲಿಲ್ಲ. ತಡೆಯಲಾಗದೆ ಎದ್ದುಹೋಗಿ ಉತ್ತರ ಹೇಳಿಬಿಟ್ಟು ಬರುತ್ತಿದ್ದೆ. ಹೇಳಿದ ಮೇಲೆಯೇ ನನಗೆ ಸಮಾಧಾನ.

ಆ ಹೊತ್ತಿಗೆ ನಾನಿದ್ದದ್ದು ಶಹಾಪುರ-ಸುರಪುರ ರಸ್ತೆಯಿಂದ ಒಳಗಿದ್ದ ಒಂದು ಸಣ್ಣ ಊರಿನಲ್ಲಿ. ಊರ ಹೆಸರು ಬೇಡ. ಮೂರನೇ ಇಯತ್ತೆಯಲ್ಲಿ ಅಂಬಿಕಾ ಎಂಬ ಹುಡುಗಿ ಇದ್ದಳು, ಎಂಟು ವರ್ಷ. ತಾಯಿ ದೇವಮ್ಮ ಹೊಲದ ಕೂಲಿಗೆ ಹೋಗುವವಳು, ತಂದೆ ಬೋರು ಕೊರೆಯುವ ಗಾಡಿಯ ಜೊತೆ ಊರೂರು ತಿರುಗುವವನು. ಹುಡುಗಿಯ ಮಾತು ಅರಳು ಹುರಿದ ಹಾಗೆ. ನವಿಲಿನ ಕಾರ್ಡು ತೆಗೆದರೆ ಒಂದು ಉಸಿರಿಗೆ ಓದಿ ಮುಗಿಸುವಳು. ನಾನೇ ಅವಳನ್ನು ಐದನೇ ತಟ್ಟೆಗೆ ಕಳಿಸಿದ್ದೆ.

ಒಂದು ದಿನ ಅವಳು ಓದುತ್ತಿರುವಾಗ ಹಿಂದಿನಿಂದ ಹೋಗಿ ಕಾರ್ಡಿನ ಚಿತ್ರದ ಮೇಲೆ ಸುಮ್ಮನೆ ಅಂಗೈ ಇಟ್ಟೆ. ಹುಡುಗಿ ಗಪ್ಪಾದಳು. ಅಕ್ಷರಗಳೆಲ್ಲ ಕಣ್ಣ ಮುಂದೆಯೇ ಇದ್ದವು. ಕೈ ತೆಗೆದೆ, ಮತ್ತೆ ಪಟಪಟ ಶುರುವಾಯಿತು. ಬೇರೆ ಮಕ್ಕಳು ಓದಿದ್ದನ್ನು ಕೇಳಿ ಕೇಳಿ ಆ ಕಾರ್ಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು, ಚಿತ್ರ ನೋಡಿ ಯಾವುದೆಂದು ಗುರುತು ಹಿಡಿಯುತ್ತಿದ್ದಳು. ಅವಳಿಗೆ ಒಂದು ಅಕ್ಷರವೂ ಬರುತ್ತಿರಲಿಲ್ಲ. ಇನ್ನು ಎರಡೇ ದಿನಕ್ಕೆ ಸಾಹೇಬರ ಭೇಟಿ ಇತ್ತು.

ನಾನು ಮಾಡಿದ್ದು ಇಷ್ಟು. ಸಂಜೆ ಮಕ್ಕಳು ಹೋದ ಮೇಲೆ ಹಸಿರು ಪೆನ್ಸಿಲು ತೆಗೆದುಕೊಂಡು ಅಂಬಿಕಾಳ ಸಾಲನ್ನು ಕೊನೆಯ ಮನೆಯವರೆಗೆ ತುಂಬಿದೆ. ಒಂದು ಸಾಲು ತುಂಬಿದ ಮೇಲೆ ಕೈಗೆ ರೂಢಿಯಾಯಿತು, ಇನ್ನೂ ಕೆಲವು ತುಂಬಿದೆ. ಮರುದಿನ ಅವಳನ್ನು ಒಬ್ಬಳನ್ನೇ ಕರೆದು, "ಅಂಬಿ, ಯಾರರೆ ಓದಾಕ ಬರ್ತದೇನಂತ ಕೇಳಿದ್ರ, ಬರ್ತದ್ರಿ ಅನ್ನು. ಯಾರ್ ಕೇಳಿದ್ರೂ ಅಷ್ಟಽ ಅನ್ನು" ಎಂದೆ. ತಲೆಯಾಡಿಸಿದಳು. ಸಾಹೇಬರು ಬಂದರು, ಕೇಳಿದರು. "ಬರ್ತದ್ರಿ" ಎಂದು ನವಿಲಿನ ಕಾರ್ಡು ಒಪ್ಪಿಸಿದಳು. ಸಾಹೇಬರು ಅವಳ ಬೆನ್ನು ತಟ್ಟಿದರು, ನನ್ನನ್ನು ಹೊಗಳಿದರು.

ಅದೇ ವಾರ ದೇವಮ್ಮ ಮಗಳ ಆಧಾರ್ ಕಾಗದಕ್ಕೆಂದು ಶಾಲೆಗೆ ಬಂದಳು. ಬಂದವಳಿಗೆ ಚಾರ್ಟು ತೋರಿಸಬೇಕೆಂಬ ನಿಯಮವೇನೂ ಇರಲಿಲ್ಲ. ನನ್ನ ನಾಲಿಗೆ ಸುಮ್ಮನಿರಲಿಲ್ಲ. "ನಿನ್ನ ಮಗಳು ಏಣಿ ಮುಗಿಸ್ಯಾಳ ದೇವಮ್ಮ. ಛೊಲೋ ಓದ್ತಾಳ" ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹಸಿರು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಿನಿಂದ ಮುಟ್ಟಿದಳು.

"ಇಷ್ಟೂ ನಮ್ಮ ಅಂಬೀದಽ ಏನ್ರಿ?"

"ಇಷ್ಟೂ ಆಕೀದಽ."

ಮರುದಿನ ಮಗಳ ಕೈಯಲ್ಲಿ ಒಂದು ಸೇರು ಹಸಿ ಶೇಂಗಾ ಕಳಿಸಿದ್ದಳು. ನಾನು ಕುದಿಸಿ ತಿಂದೆ.

ಎರಡು ತಿಂಗಳು ಕಳೆದವು. ಹತ್ತಿ ಬಿಡಿಸುವ ಸುಗ್ಗಿ, ಅರ್ಧ ವರ್ಗ ಖಾಲಿ. ಒಂದು ದಿನ ಹನ್ನೊಂದರ ಸುಮಾರಿಗೆ ನನ್ನ ಫೋನು ಹೊಡೆದುಕೊಂಡಿತು. ಶಹಾಪುರದ ದವಾಖಾನೆಯಿಂದ ಯಾರದೋ ಫೋನಿನಲ್ಲಿ ದೇವಮ್ಮ ಮಾತಾಡುತ್ತಿದ್ದಳು. ಸಣ್ಣ ಕೂಸಿಗೆ ಜ್ವರ ಏರಿ ಬೆಳಿಗ್ಗೆಯೇ ಇಬ್ಬರೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದಳಂತೆ. ಕೂಸನ್ನು ಅಲ್ಲೇ ಇಟ್ಟುಕೊಂಡಿದ್ದರು.

"ಟೀಚರ್, ನಮ್ಮ ಅಂಬಿ ಸಾಲಿಗಿ ಮುಟ್ಯಾಳೇನ್ರಿ?"

"ಇಲ್ಲಲ್ಲ ದೇವಮ್ಮ. ನಿನ್ನ ಸಂಗಾಟ ಇರಬೇಕಂತ ತಿಳದಿದ್ನಿ."

"ಒಂಬತ್ತಕ್ಕಽ ಬಸ್ಟ್ಯಾಂಡಿಗಿ ಕಳಿಸೀನ್ರಿ. ಕೂಸಿನ ಬಿಟ್ಟು ನನಗ ಬರಾಕ ಆಗಲಿಲ್ರಿ. ನಮ್ಮೂರ ಬೋರ್ಡ ಓದಿ ಹತ್ತು ಅಂದೀನ್ರಿ." ಆಮೇಲೆ, "ಓದಾಕ ಬರ್ತದಲ್ರಿ ಆಕಿಗಿ? ನೀವಽ ಹೇಳಿದ್ರಿ" ಎಂದಳು.

ಆ ಹುಡುಗಿಗೆ ಬೋರ್ಡು ಓದಲು ಬರುವುದಿಲ್ಲ ಎಂಬುದು ಇಡೀ ಜಗತ್ತಿನಲ್ಲಿ ಅವಳಿಗೆ ಮತ್ತು ನನಗೆ ಇಬ್ಬರಿಗೇ ಗೊತ್ತಿತ್ತು. ಹೆಡ್ ಮಾಸ್ತರರು ಸಿದ್ರಾಮಪ್ಪನವರು, ಒಳ್ಳೆಯ ಮನುಷ್ಯ, ಯಾವುದಕ್ಕೂ ಅವಸರ ಮಾಡುವವರಲ್ಲ. ಹುಡುಗಿ ಇನ್ನೂ ಬಂದಿಲ್ಲವೆಂದಷ್ಟೇ ಅವರಿಗೆ ಹೇಳಿದೆ. ಅವರು ಚಾರ್ಟಿನ ಕಡೆ ನೋಡಿ, "ಓದಾಕ ಬರೋ ಹುಡುಗಿ, ಎಲ್ಲಿಗಿ ಹೋಗ್ತಾಳ ಬಿಡ್ರಿ. ಹನ್ನೆರಡರ ಬಸ್ಸಿಗಿ ಬರ್ತಾಳ. ಫಿಕರ್ ಮಾಡಬ್ಯಾಡ್ರಿ" ಎಂದರು.

ಬಾಯಿಬಿಟ್ಟು ಹೇಳಬೇಕಾದ ಹೊತ್ತು ಅದು. ಹೇಳಲಿಲ್ಲ. ಹೇಳಿದರೆ ಚಾರ್ಟಿನ ಸುಳ್ಳು ಹೊರಬೀಳುತ್ತದೆ, ನೋಟಿಸು ಬರುತ್ತದೆ, ಊರವರ ಮುಂದೆ ಮುಖ ಹೋಗುತ್ತದೆ. ಬಂದೇ ಬರುತ್ತಾಳೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಕ್ರಾಸಿಗೆ ಹೋಗಿ ನಿಂತೆ. ಒಂದು ತಾಸು ನಿಂತೆ. ಬಸ್ಸು ಬಂತು. ಇಬ್ಬರು ಹೆಂಗಸರು ಇಳಿದರು, ಒಂದು ಗೊಬ್ಬರದ ಚೀಲ ಇಳಿಯಿತು. ಅಂಬಿಕಾ ಇರಲಿಲ್ಲ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಒಂದು ಮಗುವಿನ ಒಂದು ತಾಸು ಕಳೆದಿದ್ದೆ.

ಸಿದ್ರಾಮಪ್ಪ ಸರ್ ಅವರ ಬೈಕಿನಲ್ಲಿ ಶಹಾಪುರಕ್ಕೆ ಹೋದೆವು. ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಕೋಣೆಯಲ್ಲಿ ಒಬ್ಬ ವಯಸ್ಸಾದವರು ಕೂತಿದ್ದರು. ಎಲ್ಲ ಕೇಳಿಕೊಂಡು, "ಹುಡುಗಿಗಿ ಬೋರ್ಡ ಓದಾಕ ಬರ್ತದೇನ್ರಿ?" ಎಂದರು.

"ಬರ್ತದ್ರಿ. ಏಣಿ ಮುಗಿಸ್ಯಾಳ" ಎಂದರು ಸಿದ್ರಾಮಪ್ಪ ಸರ್.

"ಇಲ್ರಿ" ಎಂದೆ ನಾನು. ನನ್ನ ದನಿ ನನಗೇ ಕೇಳಿಸಲಿಲ್ಲ, ಮತ್ತೆ ಹೇಳಿದೆ. "ಬರಂಗಿಲ್ರಿ. ಆಕಿಗಿ ಒಂದಕ್ಷರಾ ಬರಂಗಿಲ್ಲ. ಚಾರ್ಟಿಗಿ ನಾನಽ ಸುಳ್ಳ ಬಣ್ಣ ಹಚ್ಚೀನಿ."

ಸಿದ್ರಾಮಪ್ಪ ಸರ್ ನನ್ನ ಮುಖ ನೋಡಿದರು. ಕಂಟ್ರೋಲರ್‌ಗೆ ನಮ್ಮ ಚಾರ್ಟಿನ ಗೊಡವೆ ಇರಲಿಲ್ಲ. "ಹಾಂಗಾರ ಮೊದಲಽ ಹೇಳಬಾರದೇನ್ರಿ? ಓದಾಕ ಬರದಾಕಿ ಬಸ್ಸಿನ ಗುರ್ತ ಹ್ಯಾಂಗ ಹಿಡೀತಾಳ, ಅದನ್ನ ಹೇಳ್ರಿ" ಎಂದರು. ಆಗ ನನಗೆ ನೆನಪಾಯಿತು. ನಮ್ಮೂರಿಗೆ ಬರುವ ಬಸ್ಸಿನ ಮುಂದಿನ ಗಾಜಿಗೆ ಡ್ರೈವರ್ ಒಂದು ನವಿಲಿನ ಚಿತ್ರ ಅಂಟಿಸಿದ್ದ. ಅಂಬಿಕಾ ಅದನ್ನು ನವಿಲಿನ ಬಸ್ಸು ಎಂದೇ ಕರೆಯುತ್ತಿದ್ದಳು.

ಕಂಟ್ರೋಲರ್ ಹಣೆ ಹಣೆ ಬಡಿದುಕೊಂಡರು. ಅವತ್ತು ಬೆಳಿಗ್ಗೆ ಗುರುಮಠಕಲ್ಲಿನ ಬಸ್ಸು ಕೆಟ್ಟು ನಿಂತಿತ್ತಂತೆ. ಅದರ ಬದಲು ಕಳಿಸಿದ್ದು ಇದೇ ನವಿಲಿನ ಬಸ್ಸು, ಬೋರ್ಡು ಬದಲಿಸಿ. ಅವರು ಅಲ್ಲಿಗೆ ಫೋನು ಹಚ್ಚಿದರು. ಬಸ್ಸು ಗುರುಮಠಕಲ್ಲು ಮುಟ್ಟಿ ತಾಸಾಗಿತ್ತು, ಬಸ್ಸಿನಲ್ಲಿ ಯಾರೂ ಇರಲಿಲ್ಲ. ಕಂಡಕ್ಟರನನ್ನು ಹುಡುಕಿಸುತ್ತೇನೆ ಎಂದು ಅಲ್ಲಿಯವರು ಫೋನಿಟ್ಟರು.

"ಯಾದಗಿರಿಯೊಳಗ ಇಳದಿದ್ರೂ ಇಳದಿರಬಹುದ್ರಿ" ಎಂದರು ಕಂಟ್ರೋಲರ್. ಯಾದಗಿರಿಯಲ್ಲಿ ರೈಲು ಸ್ಟೇಷನ್ನಿದೆ. ಆ ಹಳಿಯ ಮೇಲೆ ಒಂದು ಕಡೆ ಮುಂಬೈ, ಇನ್ನೊಂದು ಕಡೆ ಚೆನ್ನೈ. ದಾರಿ ತಪ್ಪಿದ ಹೆಣ್ಣುಕೂಸು ಒಂದು ಡಬ್ಬಿ ಹತ್ತಿ ಕೂತರೆ ಮುಗಿಯಿತು.

ಬೈಕು ಭೀಮಾ ಹೊಳೆಯ ಸೇತುವೆ ದಾಟುವಾಗ ನಾನು ಕಣ್ಣು ಮುಚ್ಚಿಕೊಂಡೆ. ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಒಂದೊಂದು ಬೆಂಚು, ಒಂದೊಂದು ಕಂಬದ ಹಿಂದೆ ನೋಡಿದೆ. ಹುಡುಕಿ ಸಾಕಾಗಿ ನಿಂತಾಗ ಸಾಲಾಗಿ ನಿಂತ ಬಸ್ಸುಗಳ ಬೋರ್ಡುಗಳು ಕಣ್ಣಿಗೆ ಬಿದ್ದವು. ಸುರಪುರ, ಶಹಾಪುರ, ಕಲಬುರಗಿ, ರಾಯಚೂರು. ಜನ್ಮದಲ್ಲಿ ಮೊದಲ ಸಲ ಅವನ್ನು ಓದದೆ ನೋಡಲು ಪ್ರಯತ್ನಿಸಿದೆ. ಓದು ಬಂದವಳಿಗೆ ಅದು ಸಾಧ್ಯವಿಲ್ಲ. ಎಂಟು ವರ್ಷದ ಹುಡುಗಿ ಇಷ್ಟೆಲ್ಲ ಗೆರೆಗಳ ಮುಂದೆ ಒಬ್ಬಳೇ ನಿಂತಿದ್ದರೆ ಏನಾಗಿರಬಹುದು ಎಂದು ನೆನೆದು ಅಲ್ಲೇ ಅತ್ತೆ.

ಸ್ಟೇಷನ್ನಿಗೆ ಓಡಿದೆವು. ಮುಂಬೈ ಕಡೆಯ ಗಾಡಿ ಆಗಷ್ಟೇ ಹೋಗಿತ್ತು. ಪ್ಲಾಟ್‌ಫಾರಂ ಖಾಲಿ. ಚಹಾದವನಿಗೆ, ಹಮಾಲರಿಗೆ, ಪೊಲೀಸಪ್ಪನಿಗೆ ಕೇಳಿದೆ. ಶಾಲೆಯ ನೀಲಿ ಲಂಗ, ಎರಡು ಜಡೆ, ಎಂಟು ವರ್ಷ. "ನೋಡಿಲ್ರಿ" ಎಂದರು ಎಲ್ಲರೂ. ನಾನು ಅಬ್ಬೆತುಮಕೂರಿನ ಮಠದ ಕಡೆ ಕೈ ಮುಗಿದೆ. ನಾವು ಬುದ್ಧನ ಪಟ ಇಟ್ಟುಕೊಂಡ ಮನೆಯವರು, ನಮ್ಮಪ್ಪ ಇದ್ದಿದ್ದರೆ ಬೈಯುತ್ತಿದ್ದ. ಅಂಜಿದವಳಿಗೆ ಆ ಭೇದ ಎಲ್ಲಿಂದ ಬರಬೇಕು. ಸಿದ್ರಾಮಪ್ಪ ಸರ್ ದೂರದಲ್ಲಿ ನಿಂತಿದ್ದರು. ಅವರು ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ.

ಆಗ ಅವರ ಫೋನಿಗೆ ಕರೆ ಬಂತು. ಹುಡುಗಿ ಗುರುಮಠಕಲ್ಲಿನಲ್ಲೇ ಇದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಸೀತಾಫಲ ಮಾರುವ ಮುದುಕಿಯೊಬ್ಬಳು ಬುಟ್ಟಿಯ ಪಕ್ಕ ಕೂಡಿಸಿಕೊಂಡಿದ್ದಳಂತೆ. ಮುದುಕಿ ತೆಲುಗಿನಲ್ಲಿ ಕೇಳಿದರೆ ಇವಳಿಗೆ ತಿಳಿಯದು, ಬೇರೆಯವರು ಕನ್ನಡದಲ್ಲಿ ಕೇಳಿದರೂ ಇವಳು ಬಾಯಿ ಬಿಡಲಿಲ್ಲ. ಬೆಳಿಗ್ಗೆಯ ಕಂಡಕ್ಟರನೇ ಗುರುತು ಹಿಡಿದು ವಾಪಸ್ ಬಸ್ಸಿನಲ್ಲಿ ಕರೆತರುತ್ತಿದ್ದ.

ನಾಲ್ಕು ಗಂಟೆಗೆ ಯಾದಗಿರಿ ಬಸ್‌ಸ್ಟ್ಯಾಂಡಿಗೆ ಆ ಬಸ್ಸು ಬಂತು. ಕಂಡಕ್ಟರನ ಹಿಂದೆ ಇಳಿದಳು. ಕೆನ್ನೆಯ ಮೇಲೆ ಕಣ್ಣೀರು ಒಣಗಿತ್ತು. ನನ್ನನ್ನು ಕಂಡು ಓಡಿಬರಲಿಲ್ಲ, ಎರಡು ಹೆಜ್ಜೆ ಹಿಂದೆ ಸರಿದಳು. ಕಂಡಕ್ಟರ್ ನನ್ನ ಮೇಲೆಯೇ ರೇಗಿದ. "ಹತ್ತುವಾಗಽ ಕೇಳೀನ್ರಿ ಟೀಚರ್, ಬೋರ್ಡ ಓದಾಕ ಬರ್ತದೇನವ್ವ ಅಂತ. ಬರ್ತದ್ರಿ ಅಂದ್ಲು. ಹಿಂದಽ ಒಬ್ಬಾಕಿ ಹತ್ತಿದ್ಲು, ಆಕಿ ಮಗಳಂತ ತಿಳದು ಸುಮ್ನಾದ್ನಿ."

ನಾನು ಮೊಣಕಾಲೂರಿ ಕೂತು ಅವಳ ಕೈ ಹಿಡಿದೆ. "ಯಾಕವ್ವಾ, ಬರಂಗಿಲ್ಲ ಅನ್ನಬಾರದೇನು? ಯಾರಿಗರೆ ಕೇಳಬಾರದೇನು?"

"ನೀವಽ ಹೇಳಿದ್ರಲ್ರಿ" ಎಂದಳು, ತೀರ ಸಣ್ಣ ದನಿಯಲ್ಲಿ. "ಯಾರ್ ಕೇಳಿದ್ರೂ ಬರ್ತದ್ರಿ ಅನ್ನು ಅಂತ."

ಸವಿತಾ, ನನ್ನ ನೌಕರಿಯಲ್ಲಿ ಒಂದು ಮಗು ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದು ಅವತ್ತು. ನಾನು ಕಲಿಸಿದ್ದನ್ನೆಲ್ಲ ಅದು ಚೆನ್ನಾಗಿ ಕಲಿತಿತ್ತು.

ಶಹಾಪುರದ ದವಾಖಾನೆಯ ಪಡಸಾಲೆಯಲ್ಲಿ ದೇವಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದಳು. ಮಗಳನ್ನು ಕಂಡವಳೇ ಮೊದಲು ಅಪ್ಪಿಕೊಂಡಳು, ಆಮೇಲೆ ಬೆನ್ನಿಗೆ ಹೊಡೆಯತೊಡಗಿದಳು. ದಿನವೆಲ್ಲ ನುಂಗಿಕೊಂಡ ಅಂಜಿಕೆ ಅದು. "ಓದಾಕ ಬರ್ತದ, ಕಣ್ಣ ಎಲ್ಲಿ ಇಟ್ಟಿದ್ದಿ? ಬಣ್ಣಾ ಹಚ್ಚಿಸಿಕೊಂಡಾಕಿ, ಒಂದು ಬೋರ್ಡ ನೋಡಾಕ ಆಗಲಿಲ್ಲ ನಿನಗ?" ಹುಡುಗಿ ಏಟು ತಿನ್ನುತ್ತ ನನ್ನ ಕಡೆ ನೋಡಿದಳು. ನನ್ನನ್ನು ಬಿಟ್ಟುಕೊಡಲಿಲ್ಲ. ನಾನು ಸುಮ್ಮನಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು, ಸಿದ್ರಾಮಪ್ಪ ಸರ್ ಕೂಡ ಯಾರಿಗೂ ಹೇಳುವವರಲ್ಲ.

ಹೋಗಿ ದೇವಮ್ಮನ ಕೈ ಹಿಡಿದೆ. "ಆಕಿಗಿ ಹೊಡೀಬ್ಯಾಡ ದೇವಮ್ಮ. ಆಕಿಗಿ ಓದಾಕ ಬರಂಗಿಲ್ಲ. ನನಗ ಗೊತ್ತಿತ್ತು. ಸಾಹೇಬ್ರಿಗಿ ಅಂಜಿ ಬಣ್ಣಾ ನಾ ಹಚ್ಚೀನಿ. ಬರ್ತದ ಅನ್ನು ಅಂತ ಆಕಿಗಿ ಹೇಳಿದಾಕೀನೂ ನಾನಽ."

ದೇವಮ್ಮ ಕೈ ಕೊಸರಿಕೊಂಡಳು. ಕೂಗಾಡುತ್ತಾಳೆ, ಜನ ಸೇರುತ್ತಾರೆ ಎಂದು ಕಾಯುತ್ತಿದ್ದೆ. ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿ, "ನಾ ಓದಿದಾಕಿ ಅಲ್ರಿ ಟೀಚರ್. ನನಗ ಹಸರ ಅಷ್ಟಽ ಕಂಡದ" ಎಂದಳು. ಮತ್ತೇನೂ ಅನ್ನದೆ ಮಗಳ ಬೆನ್ನು ಸವರುತ್ತ ಒಳಗೆ ಹೋದಳು.

ಮುಂದಿನ ಸೋಮವಾರ ಎಲ್ಲ ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಕೂಡಿಸಿಕೊಂಡು, ಚಿತ್ರ ಮುಚ್ಚಿ ಓದಿಸಿ, ಹೊಸ ಚಾರ್ಟು ಬರೆದೆ. ಅರ್ಧಕ್ಕಿಂತ ಹೆಚ್ಚು ಮನೆಗಳು ಖಾಲಿ ಉಳಿದವು. ಸಿದ್ರಾಮಪ್ಪ ಸರ್ ಅದಕ್ಕೆ ಸಹಿ ಹಾಕಿದರು. ನೋಟಿಸು ಬಂತು, ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟೆ. ಒಂದು ವರ್ಷ ಬಡ್ತಿ ನಿಂತಿತು ಎಂದು ನಮ್ಮ ಯಜಮಾನರು ಇವತ್ತಿಗೂ ಹೇಳುತ್ತಾರೆ. ನನ್ನನ್ನು ಕಾಡುತ್ತಿದ್ದದ್ದು ಅದಲ್ಲ. ಅಂಬಿಕಾ ಶಾಲೆಗೆ ಬರುವುದನ್ನು ಬಿಟ್ಟಿದ್ದಳು.

ಹತ್ತು ದಿನ ನೋಡಿ ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಅಜ್ಜಿಯ ಜೊತೆ ಕೂತು ಕಾಯಿಯಿಂದ ಹತ್ತಿ ಬಿಡಿಸುತ್ತಿದ್ದಳು. ಬೆರಳ ತುದಿ ಗೀರಿದ್ದವು. ಈಗ ಕರೆತರದಿದ್ದರೆ ಇವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಆ ಬೆರಳು ನೋಡಿಯೇ ತಿಳಿಯಿತು. ಇಂಥ ಹುಡುಗಿಯರು ಶಾಲೆ ಬಿಟ್ಟರೆ ಮುಂದೇನು ಎಂಬುದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ.

"ನಾ ಬರಂಗಿಲ್ರಿ" ಎಂದಳು, ನಾನು ಕೇಳುವ ಮೊದಲೇ.

"ಯಾಕವ್ವಾ? ಹೊಡ್ಯಂಗಿಲ್ಲ, ಬಯ್ಯಂಗಿಲ್ಲ."

"ನೀವು ಹೊಡ್ಯಂಗಿಲ್ರಿ. ಖರೆ ನಿಮ್ಮ ಮಾರಿ ನೋಡಿದ್ರ ಅಂಜಿಕಿ ಬರ್ತದ. ತಪ್ಪಾತಂದ್ರ ನಿಮ್ಮ ಮಾರಿ ಹ್ಯಾಂಗೋ ಆಗ್ತದ್ರಿ."

ಅಜ್ಜಿ "ಟೀಚರಿಗಿ ಹಾಂಗ ಅಂತಾರೇನ" ಎಂದು ಗದರಿದಳು. ನಾನು ಬೇಡವೆಂದೆ. ನನ್ನ ಮುಖ ನನಗೆ ಕಾಣುವುದಿಲ್ಲವಲ್ಲ. ಬೆತ್ತ ಬಿಟ್ಟು ಎಷ್ಟೋ ವರ್ಷವಾಗಿತ್ತು. ನಾನು ಅಂಜಿಸುವವಳಲ್ಲ ಎಂದು ನಂಬಿಕೊಂಡಿದ್ದೆ. ಕಟ್ಟೆಯ ಮೇಲೆ ಅವಳಿಗೆ ಬೆನ್ನು ಮಾಡಿ ಕೂತೆ.

"ಈಗ ಮಾರಿ ಕಾಣ್ತದೇನು?"

"ಇಲ್ರಿ."

"ಹಾಂಗಾರ ನಾಳಿಂದ ಹಿಂಗಽ ಕುಂದರ್ತೀನಿ. ಬಾ."

ಬಂದಳು. ದಿನಾಲೂ ಮಧ್ಯಾಹ್ನದ ಊಟದ ನಂತರ ನಾನು ಗೋಡೆಯ ಕಡೆ ಮುಖ ಮಾಡಿ ಕೂಡುವುದು, ಅವಳು ನನ್ನ ಬೆನ್ನ ಹಿಂದೆ. ಕಾರ್ಡುಗಳ ಚಿತ್ರಗಳಿಗೆಲ್ಲ ಕಾಗದ ಅಂಟಿಸಿದ್ದೆ. ಮೊದಲ ಮೆಟ್ಟಿಲಿನಿಂದ ಶುರು. ನೋಡಿದವರು ನಕ್ಕರು, "ಟೀಚರಿಗಿ ಶಿಕ್ಷಾ ಕೊಟ್ಟಾರೇನು?" ಎಂದು ದೊಡ್ಡ ಹುಡುಗರು ಕಿಟಕಿಯಿಂದ ಇಣುಕಿದರು. ಮಗುವಿನ ಮುಖ ಕಾಣದೆ ಕಲಿಸುವುದು ಎಷ್ಟು ದಿಗಿಲಿನದು ಎಂಬುದು ಕೂತವರಿಗೇ ಗೊತ್ತು. ಹಿಂದೆ ಸದ್ದಿಲ್ಲ ಎಂದರೆ ಓದುತ್ತಿದ್ದಾಳೋ, ಅಳುತ್ತಿದ್ದಾಳೋ, ಎದ್ದುಹೋದಳೋ. ತಿರುಗಿ ನೋಡುವ ಹಾಗಿಲ್ಲ, ಮಾತು ಕೊಟ್ಟಿದ್ದೆ.

ಹೋಳಿ ಕಳೆದು ಬಿಸಿಲು ಏರಿದ ದಿನಗಳಲ್ಲಿ ಒಂದು ಮಧ್ಯಾಹ್ನ ಅವಳು ಪೆಟ್ಟಿಗೆಯಿಂದ ತಾನೇ ಒಂದು ಕಾರ್ಡು ತೆಗೆದ ಸದ್ದು ಕೇಳಿತು. ನಾನು ಕೊಟ್ಟದ್ದಲ್ಲ. ವರ್ಗದಲ್ಲಿ ಯಾರೂ ಇನ್ನೂ ಆ ಮೆಟ್ಟಿಲಿಗೆ ಬಂದಿರಲಿಲ್ಲ, ಆದ್ದರಿಂದ ಅದನ್ನು ಅವಳು ಯಾರ ಬಾಯಲ್ಲೂ ಕೇಳಿರಲಿಲ್ಲ. ಒಂದು ಬಾವಿ, ಒಂದು ಹಗ್ಗ, ನೀರಿಗೆ ಬಂದ ಹುಡುಗಿಯ ಕಥೆ. ತಡವರಿಸುತ್ತ ಓದಿದಳು. ಎರಡನೇ ಸಾಲಿನಲ್ಲಿ ಹಗ್ಗವನ್ನು ಬೇರೆಯೇನೋ ಮಾಡಿ ಓದಿದಳು. ಅಲ್ಲೇ ಓದು ನಿಂತಿತು.

ಹಿಂದೆ ಪಿಟ್ಟೆನ್ನುವ ಸದ್ದಿಲ್ಲ. ಈಗ ಬಿಟ್ಟು ಎದ್ದಳೆಂದರೆ ಮತ್ತೆ ಬರುವುದಿಲ್ಲ, ಮತ್ತೆ ಆ ಕಟ್ಟೆ, ಆ ಹತ್ತಿ. ಒಂದು ಪದ ತಾನೇ, ಹೇಳಿಬಿಟ್ಟರೆ ದಾಟುತ್ತಾಳೆ. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ವರ್ಷದ ನೌಕರಿಯಲ್ಲಿ ನನಗೆ ಗೊತ್ತಿದ್ದ ಕೆಲಸ ಅದೊಂದೇ. ನನ್ನ ಹೆಗಲು ಅಲುಗಿತೋ ಏನೋ, ಹಿಂದಿನಿಂದ ಅವಳ ದನಿ ಬಂತು.

"ತಡೀರಿ ಟೀಚರ್. ಹೇಳಬ್ಯಾಡ್ರಿ."